ಕ್ಯಾಂಪ್‌ಗ್ರೌಂಡಿನ ಕರೆಂಟಿನಿಂದ ನಿಮ್ಮ ಟ್ರೇಲರ್ ಕಾಪಾಡಿಕೊಳ್ಳುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಟೆಕ್ಸಸ್‌ನಲ್ಲಿ ಜುಲೈ ತಿಂಗಳ ಒಂದು ಮಧ್ಯಾಹ್ನ. ಹೊರಗೆ 102 ಡಿಗ್ರಿ ಫ್ಯಾರನ್‌ಹೀಟ್. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಮನೆಯಂಥ ಟ್ರೇಲರನ್ನು ಕ್ಯಾಂಪ್‌ಗ್ರೌಂಡಿನ ಸೈಟಿನಲ್ಲಿ ನಿಲ್ಲಿಸಿ, ಪ್ಲಗ್ ಹಾಕಿ, ಎಸಿ ಆನ್ ಮಾಡಿದೆವು. ಒಂದು ಗಂಟೆ ಚೆನ್ನಾಗಿಯೇ ಓಡಿತು. ನಾಲ್ಕೂವರೆ ಹೊತ್ತಿಗೆ ಅಕ್ಕಪಕ್ಕದ ಸೈಟುಗಳೆಲ್ಲ ತುಂಬಿದವು. ಆಗ ಎಸಿಯ ಸದ್ದು ಬದಲಾಯಿತು. ಕಂಪ್ರೆಸರ್ ಶುರುವಾಗಲು ಹೋಗಿ, ಗೊರ್ ಅಂತ ಗೊಣಗಿ, ನಿಂತುಬಿಡುತ್ತಿತ್ತು. ಎರಡು ನಿಮಿಷ ಬಿಟ್ಟು ಮತ್ತೆ ಅದೇ.

ಆ ಸದ್ದು ನನಗೆ ಗೊತ್ತಿತ್ತು. ತಿಪಟೂರಿನ ಹತ್ತಿರ ನಮ್ಮ ತೋಟದ ಬಾವಿಗೆ ಹಾಕಿದ್ದ ಪಂಪ್‌ಸೆಟ್ಟು ಬೇಸಿಗೆಯಲ್ಲಿ ಲೋ ವೋಲ್ಟೇಜ್ ಬಂದಾಗ ಹೀಗೇ ಗೊಣಗುತ್ತಿತ್ತು. ಚಿಕ್ಕಪ್ಪ ಊಟದ ಎಲೆ ಬಿಟ್ಟು ಓಡಿಹೋಗಿ ಸ್ಟಾರ್ಟರ್ ಆಫ್ ಮಾಡುತ್ತಿದ್ದರು. ಒಂದು ಸಲ ತಡವಾಯಿತು. ಕಾಯಿಲ್ ಸುಟ್ಟುಹೋಯಿತು. ರಿವೈಂಡಿಂಗ್ ಅಂಗಡಿಯಲ್ಲಿ ಮೋಟಾರು ಬಿಚ್ಚಿದಾಗ ಬಂದ ಆ ಸುಟ್ಟ ವಾರ್ನಿಷ್ ವಾಸನೆ ಇನ್ನೂ ಮೂಗಿನಲ್ಲಿದೆ.

ನಾನೂ ಓಡಿಹೋಗಿ ಎಸಿ ಆಫ್ ಮಾಡಿದೆ. ಮೀಟರ್ ಇಟ್ಟು ನೋಡಿದರೆ, ಎಸಿ ಇಲ್ಲದಾಗಲೂ 106 ವೋಲ್ಟ್. ಇರಬೇಕಾದದ್ದು 120. ಎಸಿ ಓಡುವಾಗ ಅದು ನೂರಕ್ಕಿಂತ ಕೆಳಗೆ ಇಳಿದಿರಬೇಕು. ಮೋಟಾರು ಶುರುವಾಗಲು ನೆರವಾಗುವ ಕೆಪಾಸಿಟರ್ ಆಗಲೇ ಹೋಗಿತ್ತು. ಕಂಪ್ರೆಸರ್ ಉಳಿದದ್ದೇ ನಮ್ಮ ಪುಣ್ಯ. ನನ್ನ ಹತ್ತಿರ ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜಿನ ಹಠಾತ್ ಜಿಗಿತ ತಡೆಯುವ ಸಾಧನ) ಇತ್ತು. ಅದರ ಹಸಿರು ದೀಪ ಕೊನೆಯವರೆಗೂ ಆರಾಮಾಗಿ ಉರಿಯುತ್ತಲೇ ಇತ್ತು.

ಈ ಬರಹ ಆ ಹಸಿರು ದೀಪದ ಬಗ್ಗೆಯೇ. ಅಮೆರಿಕದಲ್ಲಿ ಟ್ರೇಲರ್ ಕಟ್ಟಿಕೊಂಡು ತಿರುಗುವ ನಮ್ಮವರು ತುಂಬ ಜನ ಸರ್ಜ್ ಪ್ರೊಟೆಕ್ಟರ್ ಕೊಂಡು, ಇನ್ನೇನೂ ಭಯವಿಲ್ಲ ಅಂದುಕೊಳ್ಳುತ್ತಾರೆ. ಕ್ಯಾಂಪ್‌ಗ್ರೌಂಡಿನಲ್ಲಿ ಟ್ರೇಲರನ್ನು ಕೊಲ್ಲುವುದು ಹೆಚ್ಚಾಗಿ ಮಿಂಚೂ ಅಲ್ಲ, ಸರ್ಜೂ ಅಲ್ಲ. ನಿಧಾನವಾಗಿ ಕುಸಿಯುವ ವೋಲ್ಟೇಜು, ತಪ್ಪಾಗಿ ಜೋಡಿಸಿದ ವೈರು, ಸಡಿಲವಾದ ಸಾಕೆಟ್ಟು. ಇವು ಮೂರನ್ನೂ ಪ್ಲಗ್ ಹಾಕುವ ಮುಂಚೆ, ಹಾಕಿದ ಮೇಲೆ, ಅಳೆದು ನೋಡಿಯೇ ತಿಳಿಯಬೇಕು.

ಮೊದಲು ಪೆಡಸ್ಟಲ್ ಪರಿಚಯ

ಸೈಟಿನ ಮೂಲೆಯಲ್ಲಿ ಸೊಂಟದೆತ್ತರದ ಪೆಟ್ಟಿಗೆ ಇರುತ್ತದಲ್ಲ, ಅದೇ ಪೆಡಸ್ಟಲ್. ಅದರಲ್ಲಿ ಮೂರು ಬಗೆಯ ಸಾಕೆಟ್ ಇರಬಹುದು.

20 ಆಂಪ್‌ದು ಮನೆಯ ಸಾಕೆಟ್ಟಿನ ಹಾಗೇ ಇರುತ್ತದೆ. ಟ್ರೇಲರಿನ ಎಲ್ಲ ಸಾಮಾನು ಓಡಿಸಲು ಅದು ಸಾಲದು.

30 ಆಂಪ್‌ದಕ್ಕೆ ಟಿಟಿ-30 ಅಂತ ಹೆಸರು. ಟಿಟಿ ಅಂದರೆ ಟ್ರಾವೆಲ್ ಟ್ರೇಲರ್. ಮೂರು ವೈರು: ಹಾಟ್ (ನಮ್ಮೂರಿನ ಫೇಸ್), ನ್ಯೂಟ್ರಲ್, ಗ್ರೌಂಡ್ (ನಮ್ಮ ಅರ್ಥಿಂಗ್). 120 ವೋಲ್ಟ್ ಗುಣಿಸು 30 ಆಂಪ್, ಒಟ್ಟು 3,600 ವಾಟ್. ಎರಡು ಓರೆ ಸೀಳು, ಒಂದು ದುಂಡಗಿನ ತೂತು.

50 ಆಂಪ್‌ದಕ್ಕೆ ನಾಲ್ಕು ವೈರು. ಎರಡು ಹಾಟ್, ಒಂದು ನ್ಯೂಟ್ರಲ್, ಒಂದು ಗ್ರೌಂಡ್. ಒಂದೊಂದು ಹಾಟ್‌ಗೂ ನ್ಯೂಟ್ರಲ್‌ಗೂ ನಡುವೆ 120, ಎರಡು ಹಾಟ್‌ಗಳ ನಡುವೆ 240 ವೋಲ್ಟ್. ಒಟ್ಟು 12,000 ವಾಟ್. 30 ಮತ್ತು 50ರ ನಡುವಿನ ಅಂತರ 20 ಆಂಪ್ ಮಾತ್ರ ಅಂದುಕೊಳ್ಳಬೇಡಿ. ಮೂರು ಪಟ್ಟಿಗೂ ಜಾಸ್ತಿ.

ವೋಲ್ಟೇಜ್ ಯಾಕೆ ಬೀಳುತ್ತದೆ?

ಕ್ಯಾಂಪ್‌ಗ್ರೌಂಡಿನವರು ಮೋಸ ಮಾಡುತ್ತಾರೆ ಅಂತಲ್ಲ. ಲೆಕ್ಕಾಚಾರವೇ ಹಾಗಿದೆ. ಎಲ್ಲರೂ ಒಟ್ಟಿಗೆ ಪೂರ್ತಿ ಕರೆಂಟು ಎಳೆಯುವುದಿಲ್ಲ ಎಂಬ ನಂಬಿಕೆಯ ಮೇಲೆ ಕೇಬಲ್ಲು, ಟ್ರಾನ್ಸ್‌ಫಾರ್ಮರ್ರು ಹಾಕುತ್ತಾರೆ. ಅಮೆರಿಕದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್‌ನ 551ನೇ ಆರ್ಟಿಕಲ್ ಪ್ರಕಾರ, 36 ಅಥವಾ ಅದಕ್ಕಿಂತ ಹೆಚ್ಚು ಸೈಟು ಇರುವ ಕಡೆ ಒಟ್ಟು ಲೋಡಿನ 41 ಪರ್ಸೆಂಟಿಗೆ ಲೆಕ್ಕ ಹಾಕಿದರೆ ಸಾಕು. ಅಂದರೆ 30 ಆಂಪಿನ 40 ಸೈಟಿಗೆ 1,44,000 ವಾಟ್ ಬೇಕು ಅನ್ನಿಸಿದರೂ, ಸುಮಾರು 59,000ಕ್ಕೆ ತಯಾರಿ ಮಾಡಿರುತ್ತಾರೆ.

ವಸಂತದಲ್ಲಿ ಇದು ಸಾಕು. ಜುಲೈ ಬಿಸಿಲಿನ ಸಂಜೆ ನಾಲ್ಕರಿಂದ ಎಂಟರವರೆಗೆ 40 ಟ್ರೇಲರಿನ 40 ಎಸಿಗಳೂ ಒಟ್ಟಿಗೆ ಓಡುತ್ತವೆ. ಎಷ್ಟೋ ಕ್ಯಾಂಪ್‌ಗ್ರೌಂಡುಗಳು ಎಸಿ ಅಪರೂಪವಾಗಿದ್ದ ಕಾಲದಲ್ಲಿ ಕಟ್ಟಿದವು. ಒಂದು ಪೆಡಸ್ಟಲ್‌ನಿಂದ ಇನ್ನೊಂದಕ್ಕೆ ಸರಪಳಿಯಂತೆ ವೈರು ಎಳೆದಿರುತ್ತಾರೆ. ಸಾಲಿನ ಕೊನೆಯ ಸೈಟಿಗೆ ಬರುವ ಹೊತ್ತಿಗೆ ವೋಲ್ಟೇಜು ಸೊರಗಿರುತ್ತದೆ. ಕಾಲುವೆಯ ಕೊನೆಯ ಗದ್ದೆಗೆ ನೀರು ಬರುವಷ್ಟೇ ಕಷ್ಟ. ಈಗೀಗ ಎಲೆಕ್ಟ್ರಿಕ್ ಕಾರು ತಂದು 50 ಆಂಪ್ ಸಾಕೆಟ್ಟಿಗೆ ಚಾರ್ಜಿಗೆ ಹಾಕುವವರೂ ಇದ್ದಾರೆ. ಅದಕ್ಕೇ ಕೆಲವು ಕಡೆ ಅದನ್ನು ಬೇಡ ಅನ್ನುತ್ತಾರೆ. ಬುಕ್ ಮಾಡುವಾಗ ಆಯ್ಕೆ ಇದ್ದರೆ ಸಾಲಿನ ತುದಿಯ ಸೈಟು ಬಿಡಿ.

ಲೋ ವೋಲ್ಟೇಜ್ ಮೋಟಾರನ್ನು ಯಾಕೆ ಸುಡುತ್ತದೆ ಅಂತ ಗೊತ್ತಿರಲಿ. ಹಳೇ ಬಲ್ಬಿಗೆ ವೋಲ್ಟೇಜ್ ಕಮ್ಮಿಯಾದರೆ ಮಂಕಾಗಿ ಉರಿಯುತ್ತದೆ, ಅಷ್ಟೆ. ಮೋಟಾರು ಹಾಗಲ್ಲ. ಅದಕ್ಕೆ ಮಾಡಲೇಬೇಕಾದ ಕೆಲಸ ಇದೆ. ವೋಲ್ಟೇಜು ಹತ್ತು ಪರ್ಸೆಂಟ್ ಇಳಿದರೆ, ಸುಮಾರು ಅಷ್ಟೇ ಆಂಪು ಜಾಸ್ತಿ ಎಳೆದು ಸರಿದೂಗಿಸುತ್ತದೆ. ಕಾಯಿಲ್‌ನಲ್ಲಿ ಹುಟ್ಟುವ ಶಾಖ ಆಂಪಿನ ವರ್ಗಕ್ಕೆ ಏರುತ್ತದೆ. ಹಾಗಾಗಿ ಹತ್ತು ಪರ್ಸೆಂಟ್ ಜಾಸ್ತಿ ಆಂಪ್ ಅಂದರೆ ಇಪ್ಪತ್ತು ಪರ್ಸೆಂಟಿಗೂ ಮೀರಿ ಶಾಖ. ಶುರುವಾಗಲೇ ಆಗದೆ ಗೊಣಗುತ್ತಾ ನಿಂತರೆ ಇನ್ನೂ ಅಪಾಯ. ತಿರುಗದ ಮೋಟಾರು ಓಡುವ ಮೋಟಾರಿಗಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ.

ಬೇರೆ ಮೂರು ಅಪಾಯಗಳು

ನ್ಯೂಟ್ರಲ್ ಕಟ್. ಇದು ನಮಗೆ ಹೊಸದಲ್ಲ. ಊರಿನಲ್ಲಿ ಕಂಬದ ಮೇಲೆ ನ್ಯೂಟ್ರಲ್ ಕಟ್ಟಾಗಿ, ಬೀದಿಯ ಅರ್ಧ ಮನೆಗಳ ಟಿವಿ, ಫ್ರಿಜ್ ಸುಟ್ಟುಹೋದ ಕಥೆ ಎಲ್ಲರ ಮನೆಯಲ್ಲೂ ಒಂದಾದರೂ ಇರುತ್ತದೆ, ಅಲ್ವಾ? ಇಲ್ಲಿ 50 ಆಂಪ್ ಟ್ರೇಲರಿಗೆ ಅದೇ ಆಗುತ್ತದೆ. ನ್ಯೂಟ್ರಲ್ ಬಿಟ್ಟುಹೋದರೆ ಎರಡೂ ಬದಿಯ ಸಾಮಾನುಗಳು ಒಂದಕ್ಕೊಂದು ಸಾಲಾಗಿ, 240 ವೋಲ್ಟಿಗೆ ಸಿಕ್ಕಿಕೊಳ್ಳುತ್ತವೆ. ಒಂದು ಬದಿಯಲ್ಲಿ 1,500 ವಾಟಿನ ಹೀಟರ್, ಇನ್ನೊಂದು ಬದಿಯಲ್ಲಿ 150 ವಾಟಿನಷ್ಟು ಟಿವಿ, ಲ್ಯಾಪ್‌ಟಾಪು ಇದ್ದರೆ, ಸರಳ ಲೆಕ್ಕದಲ್ಲಿ ಟಿವಿ ಬದಿಗೆ 218 ವೋಲ್ಟ್ ಹೋಗುತ್ತದೆ. ಹೀಟರಿಗೆ ಉಳಿಯುವುದು 22. ಸಣ್ಣ ಲೋಡ್ ಇರುವ ಬದಿಯೇ ಸುಡುವುದು. 30 ಆಂಪ್ ಟ್ರೇಲರಿನಲ್ಲಿ ನ್ಯೂಟ್ರಲ್ ಕಟ್ಟಾದರೆ ಕರೆಂಟೇ ಬರುವುದಿಲ್ಲ, ಅಷ್ಟೆ.

30 ಆಂಪ್ ಸಾಕೆಟ್ಟಿನಲ್ಲಿ 240 ವೋಲ್ಟ್. 30 ಆಂಪಿನವರ ದೊಡ್ಡ ಶತ್ರು ಇದು. ಟಿಟಿ-30 ಸಾಕೆಟ್ ನೋಡಲು ಹಳೇ ಬಟ್ಟೆ ಡ್ರೈಯರ್ ಸಾಕೆಟ್ಟಿನಂತೆ ಇರುತ್ತದೆ. ಮನೆ ವೈರಿಂಗ್ ಮಾಡಿ ಅಭ್ಯಾಸವಿದ್ದ ಎಲೆಕ್ಟ್ರಿಷಿಯನ್ ಅದನ್ನು 240ಕ್ಕೆ ಜೋಡಿಸಿಬಿಡುತ್ತಾನೆ. ಸ್ನೇಹಿತರ ಮನೆಯ ಗ್ಯಾರೇಜಿನಲ್ಲಿ ಹೊಸದಾಗಿ ಹಾಕಿಸಿದ ಸಾಕೆಟ್ಟುಗಳಲ್ಲಿ ಈ ತಪ್ಪು ಹೆಚ್ಚು. ಪ್ಲಗ್ ಹಾಕಿದ ಕ್ಷಣದಲ್ಲಿ ಕನ್ವರ್ಟರ್ (120 ವೋಲ್ಟನ್ನು 12ಕ್ಕೆ ಇಳಿಸಿ ಬ್ಯಾಟರಿ ಚಾರ್ಜ್ ಮಾಡುವ ಪೆಟ್ಟಿಗೆ), ಮೈಕ್ರೊವೇವ್, ಟಿವಿ, ಫ್ರಿಜ್ಜಿನ ಬೋರ್ಡು, ಎಲ್ಲ ಒಟ್ಟಿಗೆ ಹೋಗುತ್ತವೆ. ಸ್ನೇಹಿತರ ಮನೆ ಅಂತ ಸಂಕೋಚ ಪಡಬೇಡಿ. ಅಲ್ಲೂ ಅಳೆಯಿರಿ.

ಗ್ರೌಂಡ್ ಇಲ್ಲದಿರುವುದು. ಇದು ಸಾಮಾನು ಸುಡುವ ವಿಷಯವಲ್ಲ, ಜೀವ ಹೋಗುವ ವಿಷಯ. ಒಳಗೆಲ್ಲೋ ಒಂದು ವೈರು ಟ್ರೇಲರಿನ ಮೈಗೆ ತಾಗಿದ್ದು, ಪೆಡಸ್ಟಲ್‌ನಲ್ಲಿ ಗ್ರೌಂಡ್ ಇಲ್ಲದಿದ್ದರೆ, ಟ್ರೇಲರಿನ ಇಡೀ ಲೋಹದ ಮೈಗೆ ಕರೆಂಟು ಬಂದಿರುತ್ತದೆ. ಒಳಗಿದ್ದವರಿಗೆ ಏನೂ ಗೊತ್ತಾಗುವುದಿಲ್ಲ. ಮಳೆಯಲ್ಲಿ ನೆನೆದ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಬಾಗಿಲ ಹಿಡಿ ಮುಟ್ಟಿದ ಮಗುವಿಗೆ ಗೊತ್ತಾಗುತ್ತದೆ. ಮುಟ್ಟಿದಾಗ ಸ್ವಲ್ಪ ಜುಮ್ ಅಂದರೂ ನಿರ್ಲಕ್ಷ್ಯ ಮಾಡಬೇಡಿ. ತಕ್ಷಣ ಪೆಡಸ್ಟಲ್‌ನ ಬ್ರೇಕರ್ (ಟ್ರಿಪ್ ಸ್ವಿಚ್) ಆಫ್.

ಏನೇನು ಕೊಳ್ಳಬೇಕು?

ಮೊದಲನೆಯದು ಇಎಂಎಸ್, ಅಂದರೆ ಎಲೆಕ್ಟ್ರಿಕಲ್ ಮ್ಯಾನೇಜ್‌ಮೆಂಟ್ ಸಿಸ್ಟಮ್. ಬರೀ ಸರ್ಜ್ ಪ್ರೊಟೆಕ್ಟರ್ ಮಿಲಿಸೆಕೆಂಡುಗಳ ಜಿಗಿತವನ್ನು ಮಾತ್ರ ನುಂಗುತ್ತದೆ. ಇಎಂಎಸ್ ಹಾಗಲ್ಲ. ಬರುವ ವೋಲ್ಟೇಜನ್ನು ಸದಾ ನೋಡುತ್ತಿರುತ್ತದೆ. ತೀರಾ ಇಳಿದರೆ ಅಥವಾ ಏರಿದರೆ ಟ್ರೇಲರಿಗೆ ಕರೆಂಟು ಕತ್ತರಿಸುತ್ತದೆ. ಗ್ರೌಂಡ್ ಇಲ್ಲದಿದ್ದರೆ, ಹಾಟ್ ನ್ಯೂಟ್ರಲ್ ಅದಲುಬದಲಾಗಿದ್ದರೆ ಒಳಗೆ ಬಿಡುವುದೇ ಇಲ್ಲ. ನಮ್ಮ ಪಂಪ್‌ಸೆಟ್ ಸ್ಟಾರ್ಟರಿಗೆ ಪ್ರಿವೆಂಟರ್ ಹಾಕಿಸುತ್ತೇವಲ್ಲ, ಅದರ ಅಣ್ಣ ಅಂದುಕೊಳ್ಳಿ. ಪ್ರೋಗ್ರೆಸಿವ್ ಇಂಡಸ್ಟ್ರೀಸ್‌ನ ಇಎಂಎಸ್ 104ಕ್ಕಿಂತ ಕೆಳಗೆ, 132ಕ್ಕಿಂತ ಮೇಲೆ ಹೋದರೆ ಕತ್ತರಿಸುತ್ತದೆ. ಹ್ಯೂಸ್ ಕಂಪನಿಯ ಪವರ್ ವಾಚ್‌ಡಾಗ್ ಕೊಳ್ಳುವುದಾದರೆ ಹೆಸರಿನಲ್ಲಿ ಇಪಿಒ (ಎಮರ್ಜೆನ್ಸಿ ಪವರ್ ಆಫ್) ಅಂತ ಇದೆಯಾ ನೋಡಿ. ಅದಿಲ್ಲದ ಮಾದರಿ ವೋಲ್ಟೇಜು ತೋರಿಸುತ್ತದೆ, ಆದರೆ ಕತ್ತರಿಸುವುದಿಲ್ಲ. ನಿಮ್ಮ ಟ್ರೇಲರ್ 30 ಆಂಪ್‌ದಾದರೆ 30ರದ್ದು, 50ರದ್ದಾದರೆ 50ರದ್ದು.

ಕೈಯಲ್ಲಿ ಹಿಡಿದು ಪೆಡಸ್ಟಲ್‌ಗೆ ಸಿಕ್ಕಿಸುವುದೋ, ಟ್ರೇಲರಿನ ಒಳಗೆ ಶಾಶ್ವತವಾಗಿ ಕೂರಿಸುವುದೋ? ಒಳಗೆ ಕೂರಿಸಿದ್ದಕ್ಕೆ ಮಳೆಯ, ಕಳ್ಳರ ಭಯವಿಲ್ಲ. ಆದರೆ ಪೆಡಸ್ಟಲ್‌ನಿಂದ ಟ್ರೇಲರಿನವರೆಗಿನ ಕೇಬಲ್ಲು ಅದರ ರಕ್ಷಣೆಯ ಹೊರಗೆ ಉಳಿಯುತ್ತದೆ. ಕೈಯದ್ದಾದರೆ ಟ್ರೇಲರ್ ಜೋಡಿಸುವ ಮುಂಚೆಯೇ ಪೆಡಸ್ಟಲ್ ಪರೀಕ್ಷೆ ಮಾಡಬಹುದು. ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದು ಕೈಯದ್ದೇ. ಜೊತೆಗೊಂದು ಬೀಗ.

ಎರಡನೆಯದು, ವೋಲ್ಟೇಜ್ ಅಳೆಯುವ ಮಲ್ಟಿಮೀಟರ್, ಕ್ಯಾಟ್ ತ್ರೀ ಸುರಕ್ಷತಾ ದರ್ಜೆಯದು. ಮೂರನೆಯದು, ಪೆನ್ನಿನಂತಿರುವ ನಾನ್-ಕಾಂಟ್ಯಾಕ್ಟ್ ಟೆಸ್ಟರ್. ಕರೆಂಟಿನ ಹತ್ತಿರ ಹಿಡಿದರೆ ಕುಯ್ಯೆನ್ನುತ್ತದೆ. ಇಪ್ಪತ್ತು ಡಾಲರಿಗೆ ಸಿಗುವ ಈ ಪೆನ್ನು ನಮ್ಮ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಸಾಮಾನು. ನಾಲ್ಕನೆಯದು, ಎಸಿಗೆ ಸಾಫ್ಟ್ ಸ್ಟಾರ್ಟರ್. ಶುರುವಾಗುವಾಗಿನ ಎಳೆತವನ್ನು ಅರ್ಧಕ್ಕೂ ಕಮ್ಮಿ ಮಾಡುತ್ತದೆ. ಇದು ಇಎಂಎಸ್‌ಗೆ ಬದಲಿ ಅಲ್ಲ, ಜೊತೆ. ಎಕ್ಸ್‌ಟೆನ್ಷನ್ ಬೇಕಾದರೆ 30 ಆಂಪಿಗೆ 10 ಗೇಜಿನ ದಪ್ಪ ಕೇಬಲ್ಲೇ ಆಗಬೇಕು. ತೋಟಕ್ಕೆ ಬಳಸುವ ತೆಳ್ಳನೆ ಕೇಬಲ್ ಬೇಡವೇ ಬೇಡ.

ಸೈಟಿಗೆ ಬಂದ ಮೇಲೆ, ಒಂದೊಂದೇ ಹೆಜ್ಜೆ

ಈ ಕೆಲಸಕ್ಕೆ ಹತ್ತು ನಿಮಿಷ ಸಾಕು. ಟ್ರೇಲರನ್ನು ಹಿಮ್ಮುಖವಾಗಿ ನಿಲ್ಲಿಸಿ, ಚಕ್ರಕ್ಕೆ ತಡೆಕಟ್ಟಿ, ಲೆವೆಲ್ ಮಾಡುವ ಮುಂಚೆಯೇ ಇದನ್ನು ಮಾಡಿ. ಪೆಡಸ್ಟಲ್ ಕೆಟ್ಟದ್ದಾದರೆ ಸೈಟು ಬದಲಾಯಿಸುವುದು ಆಗ ಸುಲಭ.

1. ಕಣ್ಣಿನಿಂದ, ಮೂಗಿನಿಂದ ನೋಡಿ. ಪೆಡಸ್ಟಲ್ ಮುಚ್ಚಳ ಎತ್ತಿ. ಸಾಕೆಟ್ಟಿನ ಸೀಳುಗಳ ಸುತ್ತ ಪ್ಲಾಸ್ಟಿಕ್ ಕಂದಾಗಿದೆಯಾ, ಕರಗಿದೆಯಾ? ಸುಟ್ಟ ವಾಸನೆ ಇದೆಯಾ? ಕಣಜದ ಗೂಡು ಇದೆಯಾ? ಟೆಕ್ಸಸ್‌ನಲ್ಲಿ ಇರುವೆ ಗೂಡೂ ಇರುತ್ತದೆ. ಪೆಟ್ಟಿಗೆಯೇ ಅಲ್ಲಾಡುತ್ತಿದ್ದರೆ ಒಳಗಿನ ವೈರೂ ಸಡಿಲ ಇರಬಹುದು. ಪೆಟ್ಟಿಗೆಯನ್ನು ನೀವು ಬಿಚ್ಚಬೇಡಿ. ಅದು ಕ್ಯಾಂಪ್‌ಗ್ರೌಂಡಿನವರ ಕೆಲಸ. ಆಫೀಸಿಗೆ ಹೇಳಿ.

2. ಬ್ರೇಕರ್ ಆಫ್ ಮಾಡಿ. ಹಿಂದಿನವರು ಆನ್ ಬಿಟ್ಟು ಹೋಗಿರುತ್ತಾರೆ. ಆಫ್ ಮಾಡುವಾಗ ಟಕ್ ಅಂತ ಗಟ್ಟಿಯಾಗಿ ಕೂರಬೇಕು. ಮೆತ್ತಗೆ ಜಾರಿದರೆ ಬ್ರೇಕರ್ ಮುದಿಯಾಗಿದೆ.

3. ಇಎಂಎಸ್ ಒಂದನ್ನೇ ಸಿಕ್ಕಿಸಿ. ಟ್ರೇಲರಿನ ಕೇಬಲ್ ಇನ್ನೂ ದೂರ ಇರಲಿ. ಪ್ಲಗ್ ಬಿಗಿಯಾಗಿ ಕೂರುತ್ತದೆಯಾ ಗಮನಿಸಿ. ಸುಲಭವಾಗಿ ಜಾರಿ ಒಳಹೋದರೆ, ತನ್ನ ಭಾರಕ್ಕೇ ಹೊರಗೆ ಜೋತುಬಿದ್ದರೆ, ಒಳಗಿನ ಹಿಡಿತ ಸವೆದಿದೆ ಅಂತ ಅರ್ಥ. ಆ ಸಾಕೆಟ್ಟಿನಲ್ಲಿ ಎಸಿ ಓಡಿಸಿದರೆ ಪ್ಲಗ್ ಕರಗುತ್ತದೆ.

4. ಬ್ರೇಕರ್ ಆನ್ ಮಾಡಿ, ಕಾಯಿರಿ. ಇಎಂಎಸ್ ವೋಲ್ಟೇಜು ತೋರಿಸುತ್ತದೆ. 114ರಿಂದ 126ರ ನಡುವೆ ಇದ್ದರೆ ಒಳ್ಳೆಯದು. 110ರಿಂದ 114 ಇದ್ದರೆ ಹುಷಾರು, ಸಂಜೆ ಇನ್ನೂ ಇಳಿಯುತ್ತದೆ. ತಪ್ಪಿನ ಕೋಡ್ ತೋರಿಸಿದರೆ ಅಲ್ಲಿಗೇ ನಿಲ್ಲಿಸಿ. ಹೆಚ್ಚಿನ ಇಎಂಎಸ್‌ಗಳು ಕರೆಂಟು ಬಿಡುವ ಮುಂಚೆ ಒಂದೂವರೆ ಎರಡು ನಿಮಿಷ ಕಾಯುತ್ತವೆ. ಕೆಟ್ಟಿದೆ ಅಂದುಕೊಳ್ಳಬೇಡಿ. ನಿಂತ ಕಂಪ್ರೆಸರಿನ ಒಳಗೆ ಗ್ಯಾಸಿನ ಒತ್ತಡ ಇಳಿಯಲು ಆ ಸಮಯ ಬೇಕು.

ಇಎಂಎಸ್ ಇನ್ನೂ ಕೊಂಡಿಲ್ಲದಿದ್ದರೆ ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ (ಇಲ್ಲಿ ಎಸಿ ಅಂದರೆ ಆಲ್ಟರ್ನೇಟಿಂಗ್ ಕರೆಂಟ್) ಇಟ್ಟು ಅಳೆಯಿರಿ. ಕೈ ಒಣಗಿರಲಿ, ಬೆರಳು ಪ್ರೋಬಿನ ತಡೆಯ ಹಿಂದೆಯೇ ಇರಲಿ. 30 ಆಂಪ್ ಸಾಕೆಟ್ಟಿನಲ್ಲಿ ಎರಡು ಓರೆ ಸೀಳುಗಳ ನಡುವೆ 120ರ ಆಸುಪಾಸು ಬರಬೇಕು. ಒಂದು ಓರೆ ಸೀಳಿನಿಂದ ದುಂಡು ತೂತಿಗೆ 120, ಇನ್ನೊಂದರಿಂದ ಸೊನ್ನೆಯ ಹತ್ತಿರ. ಓರೆ ಸೀಳುಗಳ ನಡುವೆ 240 ಬಂದರೆ ಹಿಂದೆ ಸರಿಯಿರಿ. 50 ಆಂಪ್‌ದರಲ್ಲಿ ಎರಡು ಪಕ್ಕದ ಸೀಳುಗಳ ನಡುವೆ 240, ಒಂದೊಂದರಿಂದ ನಡುವಿನ ನ್ಯೂಟ್ರಲ್ ಸೀಳಿಗೆ 120. ಪಕ್ಕದ ಎರಡರ ನಡುವೆ ಸೊನ್ನೆ ಬಂದು, ಒಂದೊಂದಕ್ಕೂ 120 ಬಂದರೆ, ಎರಡನ್ನೂ ಒಂದೇ ಫೇಸಿಗೆ ಕಟ್ಟಿದ್ದಾರೆ. ಆಗ ಎರಡೂ ಬದಿಯ ಕರೆಂಟು ನ್ಯೂಟ್ರಲ್ ಒಂದರಲ್ಲೇ ಕೂಡಿಕೊಂಡು ಅದು ಬಿಸಿಯಾಗುತ್ತದೆ. ಆಫೀಸಿಗೆ ಹೇಳಬೇಕಾದ ತಪ್ಪು. ಲೈವ್ ಸಾಕೆಟ್ಟಿಗೆ ಪ್ರೋಬ್ ಹಾಕಿ ಅಭ್ಯಾಸವಿಲ್ಲದವರು ಇದನ್ನು ಮಾಡದೆ, ಇಎಂಎಸ್ ಕೊಂಡ ಮೇಲೇ ಹೊರಡಿ.

5. ಮತ್ತೆ ಬ್ರೇಕರ್ ಆಫ್. ಈಗ ಟ್ರೇಲರ್ ಒಳಗೆ ಹೋಗಿ ಎಸಿ, ವಾಟರ್ ಹೀಟರ್ ಆಫ್ ಇವೆಯಾ ನೋಡಿ. ಕೇಬಲನ್ನು ಮೊದಲು ಟ್ರೇಲರಿಗೆ, ಆಮೇಲೆ ಇಎಂಎಸ್‌ಗೆ ಜೋಡಿಸಿ. ಟ್ರೇಲರ್ ಕಡೆಯದು ತಿರುಗಿಸಿ ಬಿಗಿಯುವ ಪ್ಲಗ್ ಆಗಿದ್ದರೆ ಕೊನೆಯವರೆಗೂ ತಿರುಗಿಸಿ, ಉಂಗುರ ಬಿಗಿ ಮಾಡಿ. ಅರ್ಧ ತಿರುಗಿಸಿ ಬಿಟ್ಟ ಪ್ಲಗ್ಗುಗಳೇ ಸುಡುವುದು. ಆಮೇಲೆ ಬ್ರೇಕರ್ ಆನ್.

6. ಟ್ರೇಲರಿನ ಮೈಗೆ ಕರೆಂಟು ಬಂದಿದೆಯಾ ನೋಡಿ. ಯಾರೂ ಟ್ರೇಲರ್ ಮುಟ್ಟುವ ಮುಂಚೆ, ಪೆನ್ ಟೆಸ್ಟರನ್ನು ಬಾಗಿಲ ಚೌಕಟ್ಟು, ಮೆಟ್ಟಿಲು, ಕೆಳಗಿನ ಲೋಹದ ಫ್ರೇಮಿನ ಹತ್ತಿರ ಹಿಡಿಯಿರಿ. ಮೊದಲು ಕರೆಂಟು ಇರುವ ಜಾಗದಲ್ಲಿ ಹಿಡಿದು ಪೆನ್ನು ಕೆಲಸ ಮಾಡುತ್ತಿದೆ ಅಂತ ಖಾತ್ರಿ ಮಾಡಿಕೊಳ್ಳಿ. ಕುಯ್ಯೆಂದರೆ ಟ್ರೇಲರ್ ಮುಟ್ಟದೆ ಬ್ರೇಕರ್ ಆಫ್ ಮಾಡಿ. ಮಕ್ಕಳನ್ನು ಕಾರಿನಿಂದ ಇಳಿಸುವುದು ಈ ಹೆಜ್ಜೆ ಮುಗಿದ ಮೇಲೆ. ನಮ್ಮ ಮನೆಯಲ್ಲಿ ಇದು ಕಾನೂನು.

7. ಲೋಡ್ ಹಾಕಿ ಮತ್ತೆ ನೋಡಿ. ನನ್ನ ಪ್ರಕಾರ ಇದೇ ಮುಖ್ಯ ಹೆಜ್ಜೆ. ಹೆಚ್ಚಿನವರು ಬಿಡುವುದೂ ಇದನ್ನೇ. ಏನೂ ಓಡದಾಗ 121 ಇದೆ ಅಂತ ಖುಷಿಪಟ್ಟು ಕುರ್ಚಿ ಹಾಕಿ ಕೂರುತ್ತಾರೆ. ಲೋಡ್ ಇಲ್ಲದ ವೋಲ್ಟೇಜು ಏನನ್ನೂ ಹೇಳುವುದಿಲ್ಲ. ನಿಂತ ಎತ್ತು ಬಲವಾಗೇ ಕಾಣುತ್ತದೆ, ನೊಗ ಹೂಡಿದ ಮೇಲೆ ಗೊತ್ತಾಗುತ್ತದೆ.

ಎಸಿ ಆನ್ ಮಾಡಿ. ಇಎಂಎಸ್ ಪರದೆ ನೋಡುತ್ತಾ ನಿಲ್ಲಿ. ಫ್ಯಾನ್ ತಿರುಗಿದಾಗ 121 ಇದ್ದದ್ದು 120 ಆಗುತ್ತದೆ. ಕಂಪ್ರೆಸರ್ ಎದ್ದ ಕ್ಷಣ 109ಕ್ಕೆ ಬಿದ್ದು, ಒಂದೆರಡು ಸೆಕೆಂಡಿನಲ್ಲಿ 116ಕ್ಕೆ ಬಂದು ನಿಲ್ಲುತ್ತದೆ. ಪಕ್ಕದಲ್ಲಿ 13 ಆಂಪ್. ಇದು ಆರೋಗ್ಯವಂತ ಪೆಡಸ್ಟಲ್. 13,500 ಬಿಟಿಯು (ತಂಪು ಮಾಡುವ ಶಕ್ತಿಯ ಅಳತೆ) ಎಸಿಗೆ ನಾಲ್ಕೈದು ವೋಲ್ಟ್ ಇಳಿತ ಸಹಜ.

ಹತ್ತು ವೋಲ್ಟ್ ಇಳಿದರೆ? 10 ಗುಣಿಸು 13, 130 ವಾಟ್. ಅಷ್ಟು ಶಾಖ ದಾರಿಯಲ್ಲಿ ಎಲ್ಲೋ ಹುಟ್ಟುತ್ತಿದೆ. ಉದ್ದದ ಕೇಬಲ್ಲಿನಲ್ಲಿ ಹಂಚಿಹೋಗಿದ್ದರೆ ಪರವಾಗಿಲ್ಲ. ಒಂದೇ ಸಡಿಲ ಜಾಯಿಂಟಿನಲ್ಲಿ ಇದ್ದರೆ, ನೂರು ವಾಟಿನ ಹಳೇ ಬಲ್ಬನ್ನು ಪ್ಲಗ್ಗಿನ ಒಳಗೆ ಮುಚ್ಚಿಟ್ಟ ಹಾಗೆ. ಪ್ಲಾಸ್ಟಿಕ್ ಕರಗದೆ ಇನ್ನೇನಾಗುತ್ತದೆ?

ತಪ್ಪು ಎಲ್ಲಿದೆ ಅಂತ ಕಂಡುಹಿಡಿಯುವ ದಾರಿ ಇದು. ಲೋಡ್ ಇಲ್ಲದಾಗಲೇ ವೋಲ್ಟೇಜ್ ಕಮ್ಮಿ ಇದ್ದರೆ, ತೊಂದರೆ ಇಡೀ ಕ್ಯಾಂಪ್‌ಗ್ರೌಂಡಿನದು. ಪಕ್ಕದವರನ್ನು ಕೇಳಿ, ಅವರಿಗೂ ಹಾಗೇ ಇರುತ್ತದೆ. ಲೋಡ್ ಇಲ್ಲದಾಗ ಚೆನ್ನಾಗಿದ್ದು, ನಿಮ್ಮ ಎಸಿ ಹಾಕಿದ ಕೂಡಲೇ ಕುಸಿದರೆ, ತೊಂದರೆ ನಿಮ್ಮ ಸೈಟಿನ ಸಾಕೆಟ್ಟು, ಬ್ರೇಕರು, ಪ್ಲಗ್ಗು, ಇಲ್ಲವೇ ಅಲ್ಲಿಗೆ ಬರುವ ವೈರಿನಲ್ಲಿದೆ. ಮೊದಲನೆಯದಕ್ಕೆ ಲೋಡ್ ಕಮ್ಮಿ ಮಾಡಬೇಕು. ಎರಡನೆಯದಕ್ಕೆ ಸೈಟು ಬದಲಾಯಿಸಬೇಕು. ಆಫೀಸಿನಲ್ಲಿ ಜಗಳ ಬೇಡ. ಇಎಂಎಸ್ ಪರದೆಯ ಎರಡು ಫೋಟೊ ತೋರಿಸಿ, ಒಂದು ಲೋಡ್ ಇಲ್ಲದ್ದು, ಒಂದು ಲೋಡ್ ಇರುವುದು. ಮಾತಿಗಿಂತ ಅದು ಬೇಗ ಕೆಲಸ ಮಾಡುತ್ತದೆ.

8. ಒಂದು ಗಂಟೆ ಬಿಟ್ಟು ಪ್ಲಗ್ ಮುಟ್ಟಿ ನೋಡಿ. ಹೊರಗಿನ ರಬ್ಬರ್ ಭಾಗವನ್ನು ಮಾತ್ರ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಎಸಿ ಆಫ್, ಬ್ರೇಕರ್ ಆಫ್, ಆಮೇಲೆ ತೆಗೆದು ಪಿನ್ನುಗಳನ್ನು ನೋಡಿ.

ಸೈಟಿನಲ್ಲಿ 30ರ ಸಾಕೆಟ್ಟು ಸವೆದಿದ್ದು ಪಕ್ಕದಲ್ಲಿ 50ರದ್ದು ಇದ್ದರೆ ಒಂದು ಉಪಾಯವಿದೆ. 50ರಿಂದ 30ಕ್ಕೆ ಇಳಿಸುವ ಅಡಾಪ್ಟರ್ ಹಾಕಿಕೊಳ್ಳಿ. ನಾಯಿ ಕಚ್ಚುವ ಮೂಳೆಯಂತೆ ಇರುವುದರಿಂದ ಅದಕ್ಕೆ ಡಾಗ್‌ಬೋನ್ ಅಂತಲೇ ಹೆಸರು. 50ರ ಸಾಕೆಟ್ಟು ಸಾಮಾನ್ಯವಾಗಿ ಕಮ್ಮಿ ಸವೆದಿರುತ್ತದೆ, ವೈರೂ ದಪ್ಪ. ನಿಮ್ಮ ಟ್ರೇಲರಿನ 30 ಆಂಪ್ ಮುಖ್ಯ ಬ್ರೇಕರ್ ಒಳಗೆ ಹೇಗೂ ಕಾಪಾಡುತ್ತದೆ. 50ಕ್ಕೆ ಬೇರೆ ದರ ಇರುವ ಕಡೆ ಕೇಳಿಕೊಂಡು ಹಾಕಿ.

ಆಂಪಿನ ಲೆಕ್ಕ, ಅಡುಗೆಮನೆಯಿಂದ

30 ಆಂಪ್ ಇದೆ ಅಂತ 30ನ್ನೂ ಎಳೆಯಬೇಡಿ. ಗಂಟೆಗಟ್ಟಲೆ ಓಡುವ ಲೋಡ್ 24 ಆಂಪಿನೊಳಗೆ ಇರಲಿ. ಬಿಸಿಲಿಗೆ ಕಾದ ಬ್ರೇಕರ್ 30ಕ್ಕಿಂತ ಮುಂಚೆಯೇ ಬೀಳುತ್ತದೆ.

ಎಸಿ 13. ವಾಟರ್ ಹೀಟರಿನ ಎಲೆಕ್ಟ್ರಿಕ್ ಕಾಯಿಲ್ 12. ಮೈಕ್ರೊವೇವ್ 13. ಗ್ಯಾಸಿನಲ್ಲೂ ಕರೆಂಟಿನಲ್ಲೂ ಓಡುವ ಟ್ರೇಲರ್ ಫ್ರಿಜ್ ಎಲೆಕ್ಟ್ರಿಕ್‌ನಲ್ಲಿದ್ದರೆ 3. ಬ್ಯಾಟರಿ ಖಾಲಿಯಾಗಿ ಬಂದಿದ್ದರೆ ಕನ್ವರ್ಟರ್ 5ರಿಂದ 8. ಇನ್‌ಸ್ಟಂಟ್ ಪಾಟ್ 8ರಿಂದ 9. 110 ವೋಲ್ಟಿನ 550 ವಾಟ್ ಮಿಕ್ಸಿ 5. 1,800 ವಾಟಿನ ಇಂಡಕ್ಷನ್ ಒಲೆ ಪೂರ್ತಿ ಇಟ್ಟರೆ 15.

ಈಗ ನೋಡಿ. ಎಸಿ ಓಡುತ್ತಿದೆ, ಇಂಡಕ್ಷನ್ ಮೇಲೆ ಕಾವಲಿ ಇಟ್ಟು ದೋಸೆ ಹುಯ್ಯುತ್ತಿದ್ದೀರಿ, ಚಟ್ನಿಗೆ ಮಿಕ್ಸಿ ಹಾಕಿದಿರಿ. 13, 15, 5. ಮೂವತ್ಮೂರು. ಬ್ರೇಕರ್ ಬಿದ್ದರೆ ಒಳ್ಳೆಯದೇ. ಬೀಳದೆ ವೋಲ್ಟೇಜು 105ಕ್ಕೆ ಇಳಿದು, ಅದೇ ಹೊತ್ತಿಗೆ ಎಸಿ ಕಂಪ್ರೆಸರ್ ಮತ್ತೆ ಏಳಲು ಹೋದರೆ ಕಷ್ಟ. ನಮ್ಮ ರೂಢಿ ಏನೆಂದರೆ, ದೋಸೆ ಇದ್ದ ದಿನ ಕಾವಲಿ ಗ್ಯಾಸ್ ಒಲೆಯ ಮೇಲೆ. ನೀರು ಕಾಯಿಸುವುದೂ ಗ್ಯಾಸಿನಲ್ಲೇ. ಚಟ್ನಿ ರುಬ್ಬುವಾಗ ಎಸಿಯನ್ನು ಬರೀ ಫ್ಯಾನಿಗೆ ತಿರುಗಿಸಿ, ಮುಗಿದ ಮೇಲೆ ಮೂರು ನಿಮಿಷ ಬಿಟ್ಟು ಮತ್ತೆ ಕೂಲ್‌ಗೆ. ಊರಿಂದ ತಂದ 230 ವೋಲ್ಟಿನ ಮಿಕ್ಸಿಯನ್ನು ಟ್ರಾನ್ಸ್‌ಫಾರ್ಮರ್ ಇಟ್ಟು ಓಡಿಸುವವರು ಅದರ ಆಂಪನ್ನು ಎರಡರಿಂದ ಗುಣಿಸಿಕೊಳ್ಳಿ. 230ರಲ್ಲಿ 3 ಆಂಪ್ ಅಂದರೆ ಪೆಡಸ್ಟಲ್ ಕಡೆ 6.

ಸಂಜೆ ವೋಲ್ಟೇಜ್ ಬಿದ್ದಾಗ

ಇಎಂಎಸ್ 110ಕ್ಕಿಂತ ಕೆಳಗೆ ತೋರಿಸಲು ಶುರುಮಾಡಿದರೆ ಮೊದಲು ಫ್ರಿಜ್ಜನ್ನೂ ವಾಟರ್ ಹೀಟರನ್ನೂ ಗ್ಯಾಸಿಗೆ ಹಾಕಿ. ಕಿಟಕಿಯ ಹೊರಗೆ ನೆರಳಿಗೆ ಏನಾದರೂ ಕಟ್ಟಿ. ಎಸಿ ಥರ್ಮೋಸ್ಟಾಟ್ ಎರಡು ಡಿಗ್ರಿ ಮೇಲಿಡಿ. 108ಕ್ಕೆ ಬಂದರೆ ನಾನು ಎಸಿ ನಿಲ್ಲಿಸುತ್ತೇನೆ, 104ರವರೆಗೆ ಕಾಯುವುದಿಲ್ಲ. ಪದೇಪದೇ ಕತ್ತರಿಸಿ ಜೋಡಿಸುವುದೂ ಕಂಪ್ರೆಸರಿಗೆ ಒಳ್ಳೆಯದಲ್ಲ. ಬೆಳಗ್ಗೆಯೇ ಟ್ರೇಲರನ್ನು ಚೆನ್ನಾಗಿ ತಣ್ಣಗೆ ಮಾಡಿಟ್ಟುಕೊಂಡರೆ ಸಂಜೆಯ ಆ ಮೂರು ಗಂಟೆ ಸಹಿಸಬಹುದು. ಒಳಗೆ ಕೂರಿಸಿದ ಇಎಂಎಸ್‌ನಲ್ಲಿ ಬೈಪಾಸ್ ಸ್ವಿಚ್ ಇದ್ದರೆ, ಸೆಖೆ ತಡೆಯಲಾಗದೆ ಅದನ್ನು ಒತ್ತಬೇಡಿ. ಅದು ಇಎಂಎಸ್ ತಾನೇ ಕೆಟ್ಟಾಗ ಬಳಸಲು ಇರುವುದು.

ಆಟೋಫಾರ್ಮರ್ ಅಂತ ಒಂದು ಸಾಮಾನು ಸಿಗುತ್ತದೆ. ನಮ್ಮ ಮನೆಯ ಸ್ಟೆಬಿಲೈಸರಿನ ಥರ, ಬರುವ ವೋಲ್ಟೇಜನ್ನು ಹತ್ತು ಪರ್ಸೆಂಟ್ ಏರಿಸುತ್ತದೆ. ಅದು ಕರೆಂಟನ್ನು ಹುಟ್ಟಿಸುವುದಿಲ್ಲ. ನಿಮಗೆ ವೋಲ್ಟೇಜು ಏರಿಸಲು ಪೆಡಸ್ಟಲ್‌ನಿಂದ ಅಷ್ಟು ಜಾಸ್ತಿ ಆಂಪ್ ಎಳೆಯುತ್ತದೆ. ಸಾಲಿನ ಮುಂದಿನವರಿಗೆ ವೋಲ್ಟೇಜ್ ಇನ್ನಷ್ಟು ಇಳಿಯುತ್ತದೆ. ಕೆಲವು ಕ್ಯಾಂಪ್‌ಗ್ರೌಂಡುಗಳು ಅದನ್ನು ಬಿಡುವುದಿಲ್ಲ. ಸಾಫ್ಟ್ ಸ್ಟಾರ್ಟರಿಗೆ ಹಣ ಹಾಕಿ, ಇದಕ್ಕಲ್ಲ ಅಂತ ನನ್ನ ಸಲಹೆ.

ಗುಡುಗು ಶುರುವಾದರೆ ಯಾವ ಸಾಧನವನ್ನೂ ನಂಬಬೇಡಿ. ಗುಡುಗು ದೂರವಿದ್ದಾಗಲೇ ಬ್ರೇಕರ್ ಆಫ್ ಮಾಡಿ ಪ್ಲಗ್ ಕಿತ್ತಿಡಿ. ದೀಪ, ನೀರಿನ ಪಂಪು ಹೇಗೂ 12 ವೋಲ್ಟ್ ಬ್ಯಾಟರಿಯಲ್ಲಿ ಓಡುತ್ತವೆ. ಮಿಂಚು ನೇರವಾಗಿ ಹತ್ತಿರ ಬಡಿದರೆ ಯಾವ ಸರ್ಜ್ ಪ್ರೊಟೆಕ್ಟರೂ ತಡೆಯದು. ಕ್ಯಾಂಪ್‌ಗ್ರೌಂಡಿನಲ್ಲಿ ಕರೆಂಟು ಹೋದರೂ ಹಾಗೇ, ಬ್ರೇಕರ್ ಆಫ್ ಮಾಡಿಟ್ಟು, ಬಂದು ಐದು ನಿಮಿಷ ಆದ ಮೇಲೆ ಆನ್ ಮಾಡಿ.

ಜನರೇಟರಿಗೆ ಸಿಕ್ಕಿಸಿದಾಗ ಇಎಂಎಸ್ ಗ್ರೌಂಡ್ ಇಲ್ಲ ಅಂತ ಹಟ ಹಿಡಿಯುತ್ತದೆ. ಸಣ್ಣ ಇನ್ವರ್ಟರ್ ಜನರೇಟರುಗಳಲ್ಲಿ ನ್ಯೂಟ್ರಲ್ಲನ್ನೂ ಗ್ರೌಂಡನ್ನೂ ಜೋಡಿಸಿರುವುದಿಲ್ಲ, ಅದಕ್ಕೆ. ಜನರೇಟರಿನ ಇನ್ನೊಂದು ಸಾಕೆಟ್ಟಿಗೆ ಹಾಕಿ ಅವೆರಡನ್ನೂ ಜೋಡಿಸುವ ಬಾಂಡಿಂಗ್ ಪ್ಲಗ್ ಸಿಗುತ್ತದೆ. ಅದನ್ನು ಜನರೇಟರಿಗೆ ಮಾತ್ರ ಹಾಕಬೇಕು. ಪೆಡಸ್ಟಲ್‌ಗೆ ಅಪ್ಪಿತಪ್ಪಿಯೂ ಹಾಕಬಾರದು. ನಾನು ಅದಕ್ಕೆ ಕೆಂಪು ಟೇಪು ಸುತ್ತಿ ಜನರೇಟರಿನ ಹಿಡಿಗೇ ಕಟ್ಟಿಟ್ಟಿದ್ದೇನೆ.

ವರ್ಷಕ್ಕೊಮ್ಮೆ

ರಸ್ತೆಯ ಅದುರಾಟಕ್ಕೆ ಸ್ಕ್ರೂಗಳು ಸಡಿಲವಾಗುತ್ತವೆ. ಸೀಸನ್ ಶುರುವಾಗುವ ಮುಂಚೆ ಪ್ಲಗ್ ಕಿತ್ತು, ಜನರೇಟರ್, ಇನ್ವರ್ಟರ್ ಆಫ್ ಮಾಡಿ, ಟ್ರೇಲರಿನ ಬ್ರೇಕರ್ ಪೆಟ್ಟಿಗೆಯ ಸ್ಕ್ರೂಗಳನ್ನೂ ಕೇಬಲ್ ಬಂದು ಸೇರುವ ಇನ್‌ಲೆಟ್ಟಿನ ಹಿಂಬದಿಯನ್ನೂ ನೋಡಿಸಿ. ಸ್ವಂತ ಮಾಡಲು ಧೈರ್ಯವಿಲ್ಲದಿದ್ದರೆ ಆರ್‌ವಿ (ಇಂಥ ಟ್ರೇಲರುಗಳ) ಮೆಕ್ಯಾನಿಕ್ ಕೈಲಿ ಮಾಡಿಸಿ. ಸರ್ಜ್ ನುಂಗುವ ಬಿಡಿಭಾಗ ಒಂದೊಂದು ಪೆಟ್ಟಿಗೂ ಸ್ವಲ್ಪ ಸವೆಯುತ್ತದೆ. ಇಎಂಎಸ್ ಅದನ್ನು ಬದಲಿಸು ಅಂತ ತೋರಿಸಿದರೆ ಮುಂದೂಡಬೇಡಿ.

ಹೊರಡುವಾಗ

ಎಸಿಯಿಂದ ಶುರುಮಾಡಿ ದೊಡ್ಡ ಲೋಡುಗಳನ್ನು ಆಫ್ ಮಾಡಿ. ಆಮೇಲೆ ಪೆಡಸ್ಟಲ್ ಬ್ರೇಕರ್. ಆಮೇಲೆ ಪ್ಲಗ್. ಬ್ರೇಕರ್ ಆನ್ ಇದ್ದಾಗಲೇ ಪ್ಲಗ್ ಕಿತ್ತರೆ ಕಿಡಿ ಹಾರಿ ಪಿನ್ನಿಗೆ ಸಣ್ಣ ಗುಳಿ ಬೀಳುತ್ತದೆ. ಮುಂದಿನ ಸಲ ಅಲ್ಲೇ ಬಿಸಿಯಾಗುತ್ತದೆ.

ಕಿತ್ತ ಪ್ಲಗ್ಗನ್ನು ಹಾಗೇ ಸುತ್ತಿಡಬೇಡಿ. ಬೆಳಕಿಗೆ ಹಿಡಿದು ಮೂರು ಪಿನ್ನುಗಳನ್ನೂ ನೋಡಿ. ಹಿತ್ತಾಳೆ ಹೊಳೆಯುತ್ತಿರಬೇಕು. ಮಂಕಾಗಿದ್ದರೆ ನುಣುಪು ಉಜ್ಜುಕಾಗದದಲ್ಲಿ ನಾಲ್ಕು ಸಲ ಉಜ್ಜಿ, ಬಟ್ಟೆಯಲ್ಲಿ ಒರೆಸಿ. ಪಿನ್ನಿನ ಬುಡದಲ್ಲಿ ಪ್ಲಾಸ್ಟಿಕ್ ಉಬ್ಬಿದ್ದರೆ ಅಥವಾ ಕಂದು ತಿರುಗಿದ್ದರೆ, ಉಜ್ಜಿ ಪ್ರಯೋಜನವಿಲ್ಲ. ಹೊಸ ಪ್ಲಗ್ ಹಾಕಿಸಿಕೊಂಡೇ ಮುಂದಿನ ಸೈಟಿಗೆ ಹೋಗಿ.